ಕುರಿ ಎಷ್ಟೆಂದು ಕೇಳದ ಮ್ಯಾನೇಜರು

ನಮ್ಮ ಅಕ್ಕ ಶಾಂತಕ್ಕನ ಮಗಳು ಪದ್ಮಜಾ ಪ್ರಾಡಕ್ಟ್ ಮ್ಯಾನೇಜರ್ ಆದಾಗ ಆಂಧ್ರದ ಆದೋನಿಯ ನಮ್ಮ ಓಣಿಗೆಲ್ಲ ಪೇಡೆ ಹಂಚಿದರು. ಪೇಡೆ ತಿಂದವರು ಬಾಯಿ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ಯಾರ ಮ್ಯಾಲ ಮ್ಯಾನೇಜರು?"

"ಯಾರ ಮ್ಯಾಲೂ ಅಲ್ಲ. ನನ್ನ ಕೈಕೆಳಗ ಯಾರೂ ಇಲ್ಲ," ಎಂದಳು ಪದ್ಮಜಾ.

ಅನುಮಾನ ಅಲ್ಲಿಂದಲೇ ಶುರುವಾಯಿತು. ಬ್ಯಾಂಕಿನಲ್ಲಿ ಒಬ್ಬ ಮ್ಯಾನೇಜರ್ ಇದ್ದಾನೆ, ಹತ್ತಿ ಮಿಲ್ಲಿನಲ್ಲಿ ಒಬ್ಬ ಇದ್ದಾನೆ. ಇಬ್ಬರೂ ಸದಾ ಯಾರನ್ನಾದರೂ ಬೈಯುತ್ತಿರುತ್ತಾರೆ. ಬೈಯಲು ಒಬ್ಬ ಜವಾನನೂ ಇಲ್ಲದ ಮ್ಯಾನೇಜರನ್ನು ಓಣಿ ಕಂಡಿರಲಿಲ್ಲ. ನಾನು ಕನ್ನಡ ಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರ. ತಿಳಿಯದ ವಿಷಯಕ್ಕೂ ತಿಳಿದವನ ಹಾಗೆ ತಲೆ ಆಡಿಸುವುದು ನನ್ನ ನೌಕರಿಯ ಒಂದು ಭಾಗ. ಆಡಿಸಿದೆ. ಒಳಗೆ ಮಾತ್ರ ಎಲ್ಲರಿಗಿಂತ ಜಾಸ್ತಿ ಅನುಮಾನ ನನಗೇ ಇತ್ತು.

ಅವಳಿಗೆ ಆ ಹುದ್ದೆ ಕೊಟ್ಟವನು ನಾಗಭೂಷಣ. ದನಕುರಿಗಳ ಔಷಧಿ ಅಂಗಡಿ ಅವನದು. ಡಿಗ್ರಿ ಮುಗಿಸಿದ ಪದ್ಮಜಾ ಅಲ್ಲಿ ಕೌಂಟರಿನಲ್ಲಿ ಬಿಲ್ ಹಾಕುತ್ತಿದ್ದಳು. ಹಳ್ಳಿಯವರು ಜಂತಿನ ಔಷಧಿಗೆಂದು ಬಸ್ಸು ಹತ್ತಿ ಬಂದು, ಖಾಲಿಯಾಗಿದೆ ಎಂದು ಕೇಳಿಸಿಕೊಂಡು ಬರಿಗೈಯಲ್ಲಿ ಹೋಗುವುದನ್ನು ದಿನಾ ನೋಡಿದಳು. ಯಾರಿಗೆ ಯಾವಾಗ ಏನು ಬೇಕೆಂದು ಮೊದಲೇ ಗೊತ್ತಾದರೆ ಊರಿಗೇ ಕಳಿಸಬಹುದಲ್ಲ ಎಂದು ನಾಗಭೂಷಣನ ಕಿವಿಗೆ ಹಾಕಿದವಳೂ ಅವಳೇ. ಅವನು ಲಕ್ಷ್ಮಿಕಾಂತ್ ಎಂಬ ಇಂಜಿನಿಯರನನ್ನು ಅಂಗಡಿಯ ಮಾಳಿಗೆಯಲ್ಲಿ ಕೂರಿಸಿ ಒಂದು ಆ್ಯಪ್ ಮಾಡಿಸಿದ. ಮಾಡುವವನು ಲಕ್ಷ್ಮಿಕಾಂತ್, ಮಾರುವವನು ನಾಗಭೂಷಣ. ಏನು ಮಾಡಬೇಕು, ಏನು ಮಾಡಬಾರದು, ಯಾಕೆ ಎಂದು ಹೇಳುವವಳು ಪದ್ಮಜಾ. ಇದೇ ಕೆಲಸವನ್ನು ನಮ್ಮ ಮನೆಯಲ್ಲಿ ಅಜ್ಜಿ ಜೀವಮಾನವಿಡೀ ಮಾಡಿದಳು. ಆಗ ಯಾರೂ ಪೇಡೆ ಹಂಚಲಿಲ್ಲ.

ಕೌತಾಳಂ ಕಡೆಯ ಕುರಿಗಾರರ ಫೋನುಗಳಿಗೆ ಆ್ಯಪ್ ಹಾಕಿಕೊಟ್ಟು ಬಂದರು. ಆರ್ಡರ್ ಬರಲಿಲ್ಲ. ಬಂದದ್ದು ಒಂದು ವಿಚಿತ್ರ. ಆ್ಯಪ್ ತೆರೆದ ಕೂಡಲೇ ಕುರಿ ಎಷ್ಟಿವೆ ಎಂದು ಕೇಳುತ್ತಿತ್ತು, ಎಲ್ಲರೂ ಹತ್ತು ಎಂದು ಒತ್ತಿ ಅಲ್ಲಿಗೇ ಮುಚ್ಚಿಬಿಟ್ಟಿದ್ದರು. ಬಸ್ಸನ್ನೇ ನಿಲ್ಲಿಸಿಕೊಂಡು ರಸ್ತೆ ದಾಟುವ ಹಿಂಡುಗಳು ಆ್ಯಪಿನೊಳಗೆ ಹೋದೊಡನೆ ಹತ್ತಕ್ಕೆ ಇಳಿಯುತ್ತಿದ್ದವು.

ನಾಗಭೂಷಣ ನನ್ನನ್ನು ಅಂಗಡಿಗೆ ಕರೆಸಿ ದನಿ ತಗ್ಗಿಸಿದ.

"ಮಾಸ್ತರ, ನಿಮ್ಮ ಅಕ್ಕನ ಮಗಳು ಖರೇನ ಹಳ್ಳಿಗೆ ಹೋಗ್ತಾಳೋ, ಇಲ್ಲಾ ಬಸ್‌ಸ್ಟ್ಯಾಂಡಿನಾಗ ಕುಂತು ಎಲ್ಲಾರಿಗೂ ಹತ್ತು ಹತ್ತು ತಾನ ಬರ್ಕೊಂತಾಳೋ? ಈ ಭಾನುವಾರ ಆಕಿ ಕೂಡ ಹೋಗಿ ನೋಡಿ ಬರ್ರಿ. ನಾ ಕಳ್ಸೀನಂತ ಹೇಳಬ್ಯಾಡ್ರಿ. ಈ ಸಲನೂ ಆರ್ಡರ್ ಬರಲಿಲ್ಲಂದ್ರ ಮಾಳಿಗಿ ಖಾಲಿ ಮಾಡಿಸ್ತೀನಿ, ಆಕಿ ಕೌಂಟರಿಗೆ ವಾಪಸ್ ಬರ್ಲಿ."

ಸ್ವಂತ ಅಕ್ಕನ ಮಗಳ ಬೆನ್ನಿಗೆ ಗೂಢಚಾರನಾಗಿ ಹೋಗುವುದು ಸರಿಯೇ ಎಂದು ಯೋಚಿಸತೊಡಗಿದೆ. ಅಷ್ಟರಲ್ಲಿ ನಾಗಭೂಷಣ ತರಿಸಿದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಂತು. ಯೋಚನೆ ಅಲ್ಲಿಗೆ ಮುಗಿಯಿತು.

ಭಾನುವಾರ ಕೌತಾಳಂ ಬಸ್ಸಿನಲ್ಲಿ ಅವಳ ಪಕ್ಕ ಕೂತೆ.

"ಮಾಮ, ನೀ ಯಾಕ ಬರಾಕತ್ತಿ?"

"ಹಂಗ ಗಾಳಿಗೆ."

"ಈ ಬಿಸಿಲಾಗ?" ಅವಳು ನನ್ನ ಮುಖವನ್ನೇ ನೋಡಿದಳು. "ನಾಗಭೂಷಣಣ್ಣ ಕಳ್ಸ್ಯಾನೇನು?"

"ಛೇ ಛೇ."

"ಆತು. ಬಂದಿ, ಬಂದವ ಸುಮ್ನ ಕುಂದ್ರು."

ಮಾತು ತಿರುಗಿಸಲು ಈ ಕೆಲಸಕ್ಕೆ ಏನು ಓದಬೇಕೆಂದು ಕೇಳಿದೆ.

"ಇದ ಓದಬೇಕಂತ ಇಲ್ಲ ಮಾಮ. ಕಂಪ್ಯೂಟರ್ ಓದಿದವ್ರೂ ಬರ್ತಾರ, ಬಿಕಾಂ ಮಾಡಿದವ್ರೂ ಬರ್ತಾರ. ಮಂದಿ ಎಲ್ಲಿ ತ್ರಾಸ ಪಡ್ತಾರೋ ಅಲ್ಲಿ ಮೊದ್ಲು ಒಂದು ಸಣ್ಣ ಕೆಲಸಕ್ಕರ ನಿಂದ್ರಬೇಕು. ಒಂದ ತ್ರಾಸ ಹಿಡದು ಕಡೀತನಕ ಬೆನ್ನು ಹತ್ತಬೇಕು. ಅದನ್ನ ಇಂಜಿನಿಯರಿಗೆ ತಿಳಿಯಂಗ ಹೇಳಾಕ ಬರಬೇಕು. ಮತ್ತ ಮಂದಿ ಅದು ಬೇಕು ಇದು ಬೇಕು ಅಂದಾಗ ಬಹಳಷ್ಟಕ್ಕ ಒಲ್ಲೆ ಅನ್ನಾಕ ಧೈರ್ಯ ಬೇಕು."

"ಮಾಡಿದ್ದು ಕೆಟ್ಟರ?"

"ತಪ್ಪು ನಂದು."

"ಚಂದ ಆದ್ರ?"

"ಲಕ್ಷ್ಮಿಕಾಂತ್ ಚಂದ ಮಾಡ್ಯಾನ ಅಂತಾರ."

ಇಂಥ ಕೆಲಸವನ್ನು ಯಾರಾದರೂ ಬಯಸಿ ಬಯಸಿ ಮಾಡುತ್ತಾರೆಯೇ ಎಂಬ ಹೊಸ ಅನುಮಾನವೊಂದು ಹಳೆಯದರ ಜೊತೆ ಸೇರಿಕೊಂಡಿತು.

ಬಸ್ಸಿಳಿದು ಹುಲುಗಮ್ಮ ಎಂಬ ಕುರಿಗಾರತಿಯ ಮನೆಗೆ ಹೋದೆವು. ಮನೆಯ ಮಗ್ಗುಲಿಗೇ ಮುಳ್ಳು ಕಟ್ಟಿದ ಕುರಿಹಟ್ಟಿ. ಆಕೆ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು.

"ಯಾರವ್ವ? ಸರ್ವೇದವ್ರಾ?"

"ಅಲ್ಲತ್ತಿ, ಆದೋನಿ ಔಷಧಿ ಅಂಗಡಿಯಾಕಿ."

"ಈ ಯಪ್ಪ ಯಾರು? ಪ್ಯಾಂಟು ನೋಡಿದ್ರ ಸರ್ವೇದವನಂಗ ಅದಾನ."

"ನಮ್ಮ ಮಾಮ, ಅತ್ತಿ."

ಹುಲುಗಮ್ಮ ನನ್ನ ಪ್ಯಾಂಟನ್ನು ಇನ್ನೊಮ್ಮೆ ನೋಡಿ, ಪೂರ್ತಿ ನಂಬದೆ, ಒಲೆಯ ಮೇಲೆ ಚಾಕ್ಕೆ ಇಟ್ಟಳು. ಪದ್ಮಜಾ ನೆಲದ ಮೇಲೆ ಕೂತು ಒಂದು ಮರಿಯ ಕಿವಿ ತುರಿಸತೊಡಗಿದಳು. ಏನೂ ಕೇಳಲಿಲ್ಲ. ಸಂಬಳ ಕೊಡುವುದು ಇದಕ್ಕೇನಾ ಎಂದು ನಾನು ಮನಸ್ಸಿನಲ್ಲೇ ವರದಿ ತಯಾರಿಸಿಕೊಂಡೆ.

ಆಮೇಲೆ, "ಅತ್ತಿ, ನಿಮ್ಮ ಫೋನಿನಾಗ ನಮ್ಮ ಆ್ಯಪ್ ಒಮ್ಮಿ ತಗೀರಿ, ನಾ ಬಾಜೂಕ ಇರ್ತೀನಿ," ಎಂದಳು. ಹುಲುಗಮ್ಮ ಸಲೀಸಾಗಿ ತೆರೆದಳು. ಮೊದಲ ಪ್ರಶ್ನೆ ಬಂತು: ನಿಮ್ಮಲ್ಲಿ ಎಷ್ಟು ಕುರಿಗಳಿವೆ? ಬೆರಳು ನಿಂತಿತು. ಆಕೆ ಹಟ್ಟಿಯ ಕಡೆ ಒಮ್ಮೆ ನೋಡಿ, ಫೋನಿಗೆ ಸೆರಗು ಮರೆಮಾಡಿ ಹತ್ತು ಒತ್ತಿದಳು. ಪದ್ಮಜಾ ನೋಡುತ್ತಿದ್ದದ್ದು ಫೋನನ್ನಲ್ಲ, ಆ ಸೆರಗನ್ನು.

ನನ್ನೊಳಗಿನ ಗಣಿತ ಮಾಸ್ತರಿಗೆ ತಡೆಯಲಾಗಲಿಲ್ಲ.

"ಹತ್ತೆಂಗವ್ವ? ಆ ಮೂಲ್ಯಾಗ ಹತ್ತರ ಮ್ಯಾಲ ಅದಾವಲ್ಲ. ತಡಿ, ನಾ ಹೇಳ್ತೀನಿ," ಎಂದು ಎದ್ದು ನಿಂತು, ಬೆರಳು ಚಾಚಿ ಗಟ್ಟಿಯಾಗಿ ಎಣಿಸತೊಡಗಿದೆ. "ಒಂದು, ಎರಡು, ಮೂರು..."

ಹುಲುಗಮ್ಮ ಬಂದು ನನಗೂ ಹಟ್ಟಿಗೂ ನಡುವೆ ನಿಂತಳು. ಚಾ ಕುದಿಯುವ ಮೊದಲೇ ಒಲೆಯ ಕಟ್ಟಿಗೆ ಹೊರಗೆಳೆದಳು.

"ಕಾಲೆತ್ತಪ್ಪ," ಎಂದಳು.

ಎತ್ತಿದೆ. ನನ್ನ ಪಾದದಡಿಯ ಮಣ್ಣು ಹಿಡಿ ತುಂಬ ತೆಗೆದುಕೊಂಡು, ಕುರಿಗಳ ಸುತ್ತ ನಿವಾಳಿಸಿ ಇಳಿ ತೆಗೆದು, ಥೂ ಥೂ ಎಂದು ಉಗಿದು ಬೇಲಿಯಾಚೆ ಎಸೆದಳು. ಇಷ್ಟು ವರ್ಷ ಎಣಿಸುವುದನ್ನು ಕಲಿಸಿದ ನಾನು ಒಂಟಿಗಾಲಿನ ಮೇಲೆ ನಿಂತೇ ಇದ್ದೆ.

ಹಿಂಡನ್ನು ಬಾಯಿಬಿಟ್ಟು ಎಣಿಸಿದರೆ ದೃಷ್ಟಿಯಾಗುತ್ತದೆ, ಕುರಿ ಉಳಿಯುವುದಿಲ್ಲ. ಆ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಂಜೆ ಹಟ್ಟಿಗೆ ಬಂದಾಗ ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳುತ್ತಾರೆ. ಪ್ಯಾಂಟಿನವನು ಬಂದು ಕೇಳಿದರಂತೂ ದೃಷ್ಟಿಯ ಜೊತೆಗೆ, ಎಲ್ಲಿ ರೇಷನ್ ಕಾರ್ಡು ರದ್ದಾಗುತ್ತದೋ ಎಂಬ ದಿಗಿಲು ಬೇರೆ. ಆದೋನಿ ಪೇಟೆಯಲ್ಲಿ ಹುಟ್ಟಿದ ನಮಗೆ ಇದು ಎಲ್ಲಿಂದ ತಿಳಿಯಬೇಕು? ನಮಗೆ ಕುರಿ ಎಂದರೆ ಭಾನುವಾರದ ಅರ್ಧ ಕಿಲೋ.

"ತಪ್ಪಾತತ್ತಿ," ಎಂದಳು ಪದ್ಮಜಾ. "ಇವ ಶಾಲಿ ಮಾಸ್ತರ. ಏನ ಕಂಡ್ರೂ ಎಣಸ್ತಾನ. ಮದುವಿಗೆ ಹೋದ್ರ ಊಟದ ಎಲಿ ಎಣಸ್ತಾನ."

ಹುಲುಗಮ್ಮ ನಗಲಿಲ್ಲ. ಆದರೆ ಕುಕ್ಕರುಗಾಲಿನಲ್ಲಿ ಕೂತಳು. ಪದ್ಮಜಾ ಒಂದು ಮರಿಗೆ ಸೊಪ್ಪು ಹಿಡಿದು ಕೇಳಿದಳು, "ಹೋದ ಸಲ ಜಂತಿನ ಔಷಧಿ ಎಷ್ಟು ಬಾಟ್ಲಿ ಹಿಡೀತತ್ತಿ?"

"ಮೂರು ಹಿಡೀತವ್ವ. ಕಡೀಕ ಆ ಕುಂಟ ಟಗರಿಗೆ ಸಾಲ್ಲಿಲ್ಲ. ಈ ಸಲ ಇನ್ನೊಂದು ಜಾಸ್ತಿನ ಬೇಕು."

ಬಾಟ್ಲಿಗೆ ದೃಷ್ಟಿ ಇಲ್ಲ. ಮಾತು ಹರಿಯಿತು, ಕಟ್ಟಿಗೆ ಮತ್ತೆ ಒಲೆಯೊಳಗೆ ಹೋಯಿತು. ಚಾ ಬಂತು, ನನಗೂ ಅರ್ಧ ಲೋಟ.

ವಾಪಸ್ ಬಸ್ಸಿನಲ್ಲಿ ಪದ್ಮಜಾ ಆ್ಯಪ್ ತೆರೆದು ಮೊದಲ ಪ್ರಶ್ನೆಯ ಮೇಲೆ ಬೆರಳಿಟ್ಟಳು. "ಔಷಧಿ ಕಳ್ಸಾಕ ಬಾಟ್ಲಿ ಲೆಕ್ಕ ಸಾಕು. ಮತ್ತ ಕುರಿ ಲೆಕ್ಕನ ಮೊದ್ಲು ಕೇಳ್ಬೇಕಂತ ನಾಗಭೂಷಣಣ್ಣ ಯಾಕ ಹಟ ಹಿಡದಿದ್ದ, ಮಾಮ?"

ಅಂದರೆ ಅನುಮಾನ ಈಗ ದಿಕ್ಕು ಬದಲಿಸಿತ್ತು. ಬಸ್ಸಿಳಿದವಳು ಮನೆಗೆ ಹೋಗಲಿಲ್ಲ, ನೇರ ಅಂಗಡಿಗೆ ಹೋಗಿ ಅವನನ್ನೇ ಕೇಳಿದಳು. ನಾಗಭೂಷಣ ಜೋಡಿಸಿದ ಡಬ್ಬಗಳನ್ನೇ ಮತ್ತೊಮ್ಮೆ ಜೋಡಿಸಿದ.

"ಒಂದು ಕುರಿಮೇವಿನ ಕಂಪನಿಯವ್ರು ಕೇಳ್ಯಾರಮ್ಮಾ. ಯಾರ ಮನ್ಯಾಗ ಎಷ್ಟು ಕುರಿ ಅಂತ ಕೊಟ್ರ ನನಗ ಏಜೆನ್ಸಿ ಕೊಡ್ತಾರ. ಅದ್ರಾಗ ತಪ್ಪೇನೈತಿ?"

"ಕುರಿಯವ್ರಿಗೆ ಹೇಳೀರಾ?"

"ಹೇಳಿದ್ರ ಕೊಡ್ತಾರೇನು?"

"ಹೇಳದಿದ್ರೂ ಕೊಡ್ಲಿಲ್ಲಲ್ಲಣ್ಣ. ಎಲ್ಲಾರೂ ಹತ್ತಂದ್ರು. ಆ ಪ್ರಶ್ನಿ ತಗೀಬೇಕು."

"ತಗಿಯಂಗಿಲ್ಲ ಅಂದ್ರ?"

"ನಾಳಿಂದ ಕೌಂಟರಿನಾಗ ಕುಂದರ್ತೀನಿ. ಮಾಳಿಗಿಗೆ ಬ್ಯಾರೆ ಯಾರ್ನರ ನೋಡ್ಕೊಳ್ರಿ."

ದನಿ ಗಟ್ಟಿಯಾಗಿತ್ತು. ಬ್ಯಾಗಿನ ಪಟ್ಟಿಯನ್ನು ಮಾತ್ರ ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು. ಪೇಡೆ ತಿಂದ ಓಣಿಗೆ ಏನು ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ನಾಗಭೂಷಣ ನನ್ನ ಕಡೆ ತಿರುಗಿದ. "ಮಾಸ್ತರ, ನೀವು ನೋಡಿ ಬಂದೀರಲ್ಲ, ನೀವ ಹೇಳ್ರಿ."

"ಅಂದ್ರ ಕಳ್ಸಿದ್ದು ಖರೇನ," ಎಂದಳು ಪದ್ಮಜಾ, ನನ್ನ ಕಡೆ ನೋಡದೆ.

ಮನಸ್ಸಿನಲ್ಲಿ ತಯಾರಿಸಿದ್ದ ವರದಿ ಉಪಯೋಗಕ್ಕೆ ಬರಲಿಲ್ಲ. ಕಂಡದ್ದನ್ನೇ ಹೇಳಿದೆ. "ನಾನು ಕುರಿ ಎಣಿಸಿದೆ. ನನ್ನ ಕಾಲಾಗಿನ ಮಣ್ಣು ತಗದು ಇಳಿ ತಗದ್ರು. ಈಕಿ ಬಾಟ್ಲಿ ಕೇಳಿದ್ಲು, ನಾಕು ಬಾಟ್ಲಿ ಬೇಕಂದ್ರು."

"ನಾಕು? ಒಂದ ಮನಿಗೆ?"

"ಒಂದ ಮನಿಗೆ."

ನಾಗಭೂಷಣ ಮಾಳಿಗೆಯ ಕಡೆ ಮುಖ ಎತ್ತಿ, ತೆಲುಗಿನಲ್ಲಿ "ಲಕ್ಷ್ಮಿಕಾಂತೂ, ಕಿಂದಿಕಿ ರಾ" ಎಂದು ಕೆಳಗೆ ಕರೆದ. ಲಕ್ಷ್ಮಿಕಾಂತ್ ಬಂದು ವಿಷಯ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡ. "ಅಕ್ಕಾ, ಆ ಪ್ರಶ್ನಿ ಮ್ಯಾಲೇ ಪೂರಾ ಕಟ್ಟೀನಿ. ಈಗ ತಗದ್ರ ಎಲ್ಲಾ ಬಿಚ್ಚಬೇಕು." ಪದ್ಮಜಾ ಅವನಿಗೆ ಹುಲುಗಮ್ಮನ ಸೆರಗಿನಿಂದ ಶುರುಮಾಡಿ ಎಲ್ಲ ಹೇಳಿದಳು. ಅವನು ಗೊಣಗಿದ, ವಾದ ಮಾಡಿದ, ಕೊನೆಗೆ ಬಿಚ್ಚಿದ.

ಮುಂದಿನ ವಾರ ಕೌತಾಳಂ ಕಡೆಯಿಂದ ಆರ್ಡರುಗಳು ಬಂದವು, ಬಾಟ್ಲಿ ಲೆಕ್ಕದಲ್ಲಿ. ಮಾಧವರಂ ಎಂಬ ಇನ್ನೊಂದು ಊರಿನಿಂದಲೂ ಬಂದವು. ನಾನು ಅಂಗಡಿಗೆ ಹೋದಾಗ ನಾಗಭೂಷಣ ತಾನೇ ಕೂತು ಹುಲುಗಮ್ಮನ ಡಬ್ಬ ತುಂಬುತ್ತಿದ್ದ. ತುಟಿ ಅಲ್ಲಾಡುತ್ತಿತ್ತು, ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ನಡೆಯುತ್ತಿತ್ತು. ಒಂದು ಬಾಟ್ಲಿಗೆ ಇಷ್ಟು ಕುರಿಯಾದರೆ ನಾಕು ಬಾಟ್ಲಿಗೆ...

"ಅಣ್ಣಾ," ಎಂದಳು ಮೆಟ್ಟಿಲ ಮೇಲಿದ್ದ ಪದ್ಮಜಾ.

"ಏನಿಲ್ಲಮ್ಮಾ, ಬಾಟ್ಲಿ ಎಣಸಾಕತ್ತೀನಿ."

"ಬಾಟ್ಲಿ ನಾಕ ಅದಾವ. ನಿಮ್ಮ ಬೆರಳು ಆಗ್ಲೇ ಎರಡನೇ ಕೈಗೆ ಬಂದಾವ."

ಅವನು ಕೈಯನ್ನು ಜೇಬಿಗೆ ಹಾಕಿಕೊಂಡ. ಪದ್ಮಜಾ ಕೆಳಗಿಳಿದು ಬಂದು, ಸ್ಟೂಲು ಎಳೆದುಕೊಂಡು, ಡಬ್ಬಕ್ಕೆ ಟೇಪು ಹಚ್ಚಿ ಮುಗಿಯುವವರೆಗೂ ಅವನ ಎದುರಿಗೇ ಕೂತಳು.