ಜಯಾ ಮಿಸ್ ನೀರಿಗಿಳಿದದ್ದು

ನನಗೆ ಈಜು ಬರುವುದಿಲ್ಲ. ಆದರೆ ಈಜುಕೊಳದ ಹೊರಗೆ ಕಾಯುತ್ತ ಕೂರುವುದರಲ್ಲಿ ಮೈಸೂರಿನಲ್ಲಿ ನನ್ನನ್ನು ಮೀರಿಸುವವರು ಇರಲಾರರು ಎಂದು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಹೆಂಗಸರ ಬ್ಯಾಚು ಬೆಳಿಗ್ಗೆ ನಡೆಯುತ್ತದೆ. ಆ ಹೊತ್ತಿನಲ್ಲಿ ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಹೆಂಡತಿಯರನ್ನು ಸ್ಕೂಟರಿನಲ್ಲಿ ಕರೆತಂದ ನಮ್ಮಂಥವರಿಗಾಗಿ ಕಾಂಪೌಂಡಿನ ಆಚೆ, ಹೊಂಗೆ ಮರದ ಕೆಳಗೆ ಒಂದು ಸಿಮೆಂಟಿನ ಕಟ್ಟೆ ಇದೆ. ತೊಡೆಯ ಮೇಲೊಂದು ಟವೆಲ್ಲು, ಪಕ್ಕದಲ್ಲೊಂದು ಕಾಫಿ ಫ್ಲಾಸ್ಕು ಇಟ್ಟುಕೊಂಡು ಅಲ್ಲಿ ಸಾಲಾಗಿ ಕೂತ ನಿವೃತ್ತ ಗಂಡಂದಿರನ್ನು ನೋಡಿದರೆ, ಒಳಗಿರುವುದು ಹೆರಿಗೆ ಆಸ್ಪತ್ರೆ ಎಂದೇ ದಾರಿಹೋಕರು ತಿಳಿಯಬೇಕು.

ನಾನು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ನಿವೃತ್ತಿಗೆ ನನ್ನಷ್ಟು ತಯಾರಿ ಮಾಡಿಕೊಂಡವರು ಕಡಿಮೆ. ಒರಗಿ ಕೂರಲು ಬೆತ್ತದ ಕುರ್ಚಿ ತಂದೆ. ಕುಕ್ಕರಹಳ್ಳಿ ಕೆರೆಯ ಹಕ್ಕಿಗಳನ್ನು ನೋಡಲು ದುರ್ಬೀನು ಕೊಂಡೆ. ಚಿಕ್ಕಂದಿನಿಂದ ಆಸೆಯಿದ್ದ ಹಾರ್ಮೋನಿಯಂ ಕೂಡ ಬಂತು. ಎಲ್ಲ ಸಾಮಾನು ಬಂದ ಮೇಲೆ ಗೊತ್ತಾಯಿತು, ನಿವೃತ್ತನಾಗಬೇಕಾದ ಆಸಾಮಿ ಮಾತ್ರ ಇನ್ನೂ ಕಚೇರಿಯಲ್ಲೇ ಕೂತಿದ್ದಾನೆ ಎಂದು. ಬೆಳಿಗ್ಗೆ ಪೇಪರು ಓದಿ ಮುಗಿಸಿದರೆ ಪ್ರತಿ ಪುಟದ ಮೂಲೆಯಲ್ಲಿ ನನಗೇ ತಿಳಿಯದಂತೆ ಪುಟ್ಟ ಸಹಿ ಹಾಕಿರುತ್ತಿದ್ದೆ. ಹೆಂಡತಿ "ಹುಳಿಗೆ ನುಗ್ಗೇಕಾಯಿ ಹಾಕ್ಲಾ, ಬದನೇಕಾಯಿ ಹಾಕ್ಲಾ?" ಎಂದು ಕೇಳಿದರೆ "ಪರಿಶೀಲಿಸೋಣ" ಎನ್ನುತ್ತಿದ್ದೆ. ನಾನು ಪರಿಶೀಲಿಸಿ ಮುಗಿಸುವಷ್ಟರಲ್ಲಿ ಎಲೆ ಹಾಕಿ ಊಟಕ್ಕೆ ಕರೆಯುವ ಹೊತ್ತಾಗಿರುತ್ತಿತ್ತು.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ಸಂಸಾರ ಮುಗಿಸಿದವನು ಕಾಡಿಗೆ ಹೋಗಲಿ ಎಂದು ವಾನಪ್ರಸ್ಥವನ್ನು ವಿಧಿಸಿದರು. ಕಾಡಿನಲ್ಲಿ ಇವನ ಸಹಿಗೆ ಕಾಯುವವರು ಯಾರೂ ಇಲ್ಲವಲ್ಲ. ನಮಗೆ ಆ ಅನುಕೂಲವೂ ಇಲ್ಲ. ಚಾಮರಾಜಪುರಂನಲ್ಲಿ ಮನೆ ಮಾಡಿಕೊಂಡ ನನ್ನಂಥವನಿಗೆ ಹತ್ತಿರದ ಕಾಡೆಂದರೆ ಚಾಮುಂಡಿ ಬೆಟ್ಟದ ತಪ್ಪಲು. ಅಲ್ಲಿ ತಪಸ್ಸಿಗೆ ಕೂತರೆ ಪರಿಚಯದವರು ಯಾರಾದರೂ ಗಾಡಿ ನಿಲ್ಲಿಸಿ, "ಏನ್ ಸಾಹೇಬ್ರೆ, ಇಲ್ಲಿ ಕೂತ್ಬುಟ್ಟಿದೀರಿ? ಬನ್ನಿ, ಮನೆಗೆ ಬಿಡ್ತೀನಿ" ಎಂದು ಕರೆದುಕೊಂಡು ಬಂದುಬಿಡುತ್ತಾರೆ. ಅಂತೂ ವಾನಪ್ರಸ್ಥವನ್ನು ಬೆತ್ತದ ಕುರ್ಚಿಯಲ್ಲೇ ನಡೆಸಿದೆ.

ನನ್ನ ಹೆಂಡತಿ ಜಯಲಕ್ಷ್ಮಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ಊರಿಗೆಲ್ಲ ಜಯಾ ಮಿಸ್. ನಾವಿರುವ ಬಡಾವಣೆಯಲ್ಲಿ ಅವಳಿಗೆ ಮಗ್ಗಿ ಒಪ್ಪಿಸದವರು ಅಪರೂಪ. ಬ್ಯಾಂಕಿನ ಮ್ಯಾನೇಜರು ಅವಳನ್ನು ಕಂಡರೆ ಎದ್ದು ನಿಲ್ಲುತ್ತಾರೆ, ಆಟೋದವನು ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೊಡುತ್ತಾನೆ. ನನಗಿಂತ ಸ್ವಲ್ಪ ತಡವಾಗಿ ಅವಳೂ ನಿವೃತ್ತಳಾದಳು. ನಿವೃತ್ತರನ್ನು ಸಹೋದ್ಯೋಗಿಗಳು ಹಾರ ಶಾಲಿನ ಸಮೇತ ಮನೆಯವರೆಗೂ ಬಂದು ಬಿಟ್ಟು ಹೋಗುವುದು ನಮ್ಮ ಕಡೆಯ ಪದ್ಧತಿ, ಮದುಮಗಳನ್ನು ಗಂಡನ ಮನೆಗೆ ಬಿಟ್ಟ ಹಾಗೆ. ಅವಳ ಹೆಡ್‌ಮಿಸ್ಟ್ರೆಸ್ಸು ನನ್ನ ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, "ಇನ್ಮೇಲೆ ನಮ್ಮ ಮಿಸ್ಸು ನಿಮ್ಮ ಜವಾಬ್ದಾರಿ ಸಾರ್" ಎಂದು ಕಣ್ಣೊರೆಸಿಕೊಂಡರು. ಅವರೆಲ್ಲ ಉಪ್ಪಿಟ್ಟು, ಕಾಫಿ ಮುಗಿಸಿ ಹೊರಟ ಮೇಲೆ ಜಯಾ ಹಾರ ತೆಗೆದು ಬಾಗಿಲಿಗೆ ನೇತು ಹಾಕಿ, "ರೀ, ನಾನು ಈಜು ಕಲೀತೀನಿ" ಎಂದಳು.

ಹುಡುಗಾಟ ಎಂದುಕೊಂಡೆ. ಅವಳು ಹುಡುಗಾಟ ಆಡುವವಳಲ್ಲ. "ಸರ್ವಿಸ್ ಪೂರ್ತಿ ಮಕ್ಕಳನ್ನ ಟ್ರಿಪ್ಪಿಗೆ ಕರ್ಕೊಂಡು ಹೋಗಿ, ಕಾವೇರಿ ದಡದಲ್ಲಿ ನಿಂತು ‘ಮುಂದೆ ಹೋಗ್ಬೇಡಿ, ಮುಂದೆ ಹೋಗ್ಬೇಡಿ’ ಅಂತ ಕಿರುಚಿದ್ದೇ ಆಯ್ತು. ನಾನು ಪಾದ ಮುಳುಗೋದಕ್ಕಿಂತ ಮುಂದೆ ಹೋದೋಳಲ್ಲ. ಭಯ ಮಕ್ಕಳಿಗಿರ್ಲಿಲ್ಲ ಕಣ್ರೀ, ನನಗಿತ್ತು" ಎಂದಳು. ಇಷ್ಟು ವರ್ಷ ಜೊತೆಗಿದ್ದೂ ನನಗೆ ಇದು ಗೊತ್ತಿರಲಿಲ್ಲ. ಅವಳಿಗೆ ಭಯ ಎಂಬುದೊಂದು ಇದೆ ಎಂಬುದೇ ನನಗೆ ಹೊಸ ಸುದ್ದಿ. ಅದನ್ನು ಒಪ್ಪಿಕೊಂಡು, ಅದರ ಎದುರಿಗೇ ಹೋಗಿ ನಿಲ್ಲುತ್ತೇನೆ ಎನ್ನುತ್ತಿದ್ದ ಆ ಹೆಂಗಸಿನ ಬಗ್ಗೆ ಅಂದು ನನಗೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಮೊಣಕಾಲಿನವರೆಗೆ ಬರುವ ಈಜುಡುಗೆ ಬಂತು. ಟೋಪಿ, ಕನ್ನಡಕ ಬಂದವು. ನನ್ನ ದುರ್ಬೀನಿನಂತೆ ಇವೂ ಬೀರು ಸೇರುತ್ತವೆ ಎಂದು ನನ್ನ ಒಳಮನಸ್ಸು ಕಾದಿತ್ತು. ಸೇರಲಿಲ್ಲ. ಮೊದಲ ದಿನವೇ ಮೈಕೊರೆಯುವ ನೀರಿಗೆ ಇಳಿದಳು. ಆದರೆ ಇಳಿದವಳು ಅಂಚಿನ ಕಂಬಿ ಹಿಡಿದಳು ನೋಡಿ, ಬಿಡಲೇ ಇಲ್ಲ. ಒಂದು ವಾರವಾಯಿತು, ಎರಡು ವಾರವಾಯಿತು. ಅವಳ ಜೊತೆ ಸೇರಿದವರೆಲ್ಲ ಮೀನಿನಂತೆ ಆಚೆ ದಡಕ್ಕೆ ಹೋಗಿ ಬರುತ್ತಿದ್ದರು. ಇವಳು ಕಂಬಿ ಹಿಡಿದುಕೊಂಡೇ ಕಾಲು ಬಡಿಯುತ್ತಿದ್ದಳು.

ಈ ಒಳಗಿನ ಸಮಾಚಾರವೆಲ್ಲ ನನಗೆ ತಲುಪುತ್ತಿದ್ದುದು ಮಹದೇವಪ್ಪನವರ ಮೂಲಕ. ಬಟ್ಟೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಆರಾಮಾಗಿರುವ ಅವರು ಕಟ್ಟೆಯ ಮೇಲೆ ನನ್ನ ಪಕ್ಕದ ಸೀಟಿನವರು. ಅವರ ಮನೆಯವರು ಮಂಡಿನೋವಿಗೆಂದು ನೀರಿಗಿಳಿದು, ಮಂಡಿಯನ್ನು ಮರೆತು ತೇಲುತ್ತಿದ್ದರು; ಒಳಗೆ ಕಂಡದ್ದನ್ನೆಲ್ಲ ಮನೆಗೆ ಹೋಗಿ ಇವರಿಗೆ ವರದಿ ಒಪ್ಪಿಸುತ್ತಿದ್ದರು. ದಿನಾ ಬಂದು ಕೂರುತ್ತಲೇ ಅವರು ಗೊತ್ತಿದ್ದೂ ಕೇಳುವ ಪ್ರಶ್ನೆ ಒಂದೇ: "ಎಂಗೆ ಸಾರ್, ಮಿಸ್ಸು ಕಂಬಿ ಬುಟ್ರಾ?"

"ಇನ್ನೂ ಇಲ್ಲ."

"ಬುಡ್ತಾರೆ ಬುಡಿ ಸಾರ್. ತೊಂದ್ರೆ ಇರೋದು ಮಿಸ್ಸಲ್ಲಿ ಅಲ್ಲ. ಕಲಿಸೋ ಹುಡುಗಿ ಇದಾಳಲ್ಲ, ಅವಳಲ್ಲಿ."

ಕಲಿಸುವ ಹುಡುಗಿಯ ಹೆಸರು ಸವಿತ. ಮಿಕ್ಕ ಹೆಂಗಸರ ಮೇಲೆ ಅವಳದು ಸಿಂಹದ ಗರ್ಜನೆ. "ಕೈ ಬಿಡಿ ಆಂಟಿ! ತಲೆ ಒಳಗೆ! ಏನ್ ಆಂಟಿ, ಸ್ನಾನಕ್ಕೆ ಬಂದಿದೀರಾ?" ಎಂದು ಅವಳು ಕೂಗುವುದು ನಮ್ಮ ಕಟ್ಟೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೆ ಜಯಾಳ ಹತ್ತಿರ ಬಂದರೆ ದನಿಯೇ ಇಲ್ಲ. ಕಾರಣ, ಸವಿತ ಎಂಟನೇ ಕ್ಲಾಸಿನಿಂದ ಹತ್ತರವರೆಗೆ ಜಯಾ ಮಿಸ್ಸಿನ ಎದುರಿನ ಬೆಂಚಿನಲ್ಲಿ ಕೂತವಳು. "ಮಿಸ್, ಆಗೋದಾದ್ರೆ ಒಂದ್ಸಲ ಕೈ ಬಿಟ್ಟು ನೋಡ್ತೀರಾ ಮಿಸ್? ಬೇಡ ಅಂದ್ರೆ ಬೇಡ ಮಿಸ್" ಎನ್ನುತ್ತಿದ್ದಳಂತೆ. ಇವಳು "ಇವತ್ತು ಬೇಡ" ಎಂದರೆ "ಸರಿ ಮಿಸ್" ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳಂತೆ. ಜಯಾಳಾದರೂ ಸುಮ್ಮನಿದ್ದಳೇ? ಕಂಬಿ ಹಿಡಿದುಕೊಂಡೇ "ಗೂನು ಹಾಕಿಕೊಂಡು ನಿಲ್ಬೇಡ ಸವಿತ, ನೆಟ್ಟಗೆ ನಿಂತ್ಕೋ" ಎಂದು ತಿದ್ದುತ್ತಿದ್ದಳು. ಒಂದು ದಿನವಂತೂ ಆ ಹುಡುಗಿ ತನ್ನದೇ ಈಜುಕೊಳದ ದಡದಲ್ಲಿ ಬೆರಳೆತ್ತಿ, "ಮಿಸ್, ನೀರು ಕುಡ್ಕೊಂಡು ಬರ್ಲಾ?" ಎಂದು ಅಪ್ಪಣೆ ಕೇಳಿದಳೆಂದು ಮಹದೇವಪ್ಪನವರು ಹೇಳಿದಾಗ ಕಟ್ಟೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮನೆಗೆ ಬಂದ ಮೇಲೆ ನನಗೆ ನಗು ಬರಲಿಲ್ಲ. ಮೇ ತಿಂಗಳು ಮುಗಿದರೆ ಬ್ಯಾಚೂ ಮುಗಿಯುತ್ತದೆ. ಜಯಾ ಊಟದ ಹೊತ್ತಿನಲ್ಲಿ ತಟ್ಟೆ ನೋಡಿಕೊಂಡು, "ಈ ಸಲ ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡ್ತೀನಿ ಕಣ್ರೀ. ಈ ವಯಸ್ಸಲ್ಲಿ ಇದೆಲ್ಲ ನಗೆಪಾಟಲು" ಎಂದಳು. ಅವಳ ಬಾಯಲ್ಲಿ "ಈ ವಯಸ್ಸಲ್ಲಿ" ಎಂಬ ಮಾತು ಕೇಳಿದ್ದು ಅದೇ ಮೊದಲು. ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳು ಈಜು ಬಿಟ್ಟರೆ ಏನೂ ಮುಳುಗಿಹೋಗುವುದಿಲ್ಲ. ಆದರೆ ಹಾಗೆ ಬಿಟ್ಟವಳು ಆಮೇಲೆ ಯಾವುದಕ್ಕೂ ಕೈ ಹಾಕದೆ, ನನ್ನ ಎದುರಿಗೆ ಇನ್ನೊಂದು ಬೆತ್ತದ ಕುರ್ಚಿ ಹಾಕಿಕೊಂಡು ಕೂತುಬಿಟ್ಟರೆ? ಒಂದು ಮನೆಗೆ ನನ್ನಂಥವನು ಒಬ್ಬನೇ ಹೆಚ್ಚು. ಧೈರ್ಯ ಮಾಡಿ ಹೇಳಿದೆ: "ತಪ್ಪು ನಿನ್ನದಲ್ಲ, ನೀರಿಂದೂ ಅಲ್ಲ. ಆ ಹುಡುಗಿ ನಿನ್ನನ್ನ ಬೈಯ್ಯೋಕಾಗದೆ ಒದ್ದಾಡ್ತಿದಾಳೆ. ನೀನು ಅಲ್ಲಿ ಇನ್ನೂ ಮಿಸ್ಸಾಗೇ ಇದೀಯ."

ಜಯಾ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮಾತು ನಾಟಿತು ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಸ್ಕೂಟರು ಹತ್ತುವಾಗ ಅವಳ ಕೈಯಲ್ಲಿ ಈಜಿನ ಚೀಲದ ಜೊತೆ ಇನ್ನೊಂದು ಚೀಲವಿತ್ತು. ಅದರಲ್ಲಿ ಏನಿತ್ತೆಂದು ಆಮೇಲೆ ಮಹದೇವಪ್ಪನವರ ಮನೆಯವರಿಂದ ತಿಳಿಯಿತು. ಬೆಳ್ಳಿಯ ತಟ್ಟೆ, ಮೈಸೂರಿನ ಚಿಗುರು ವೀಳ್ಯದೆಲೆ, ಅಡಿಕೆ, ಒಂದು ಚಿಪ್ಪು ರಸಬಾಳೆ, ತೆಂಗಿನಕಾಯಿ, ಒಂದು ಮೊಳ ಮಲ್ಲಿಗೆ. ಸಂಗೀತಕ್ಕೋ ವೀಣೆಗೋ ಮಕ್ಕಳನ್ನು ಸೇರಿಸುವಾಗ ಗುರುಗಳಿಗೆ ಕೊಡುತ್ತಾರಲ್ಲ, ಅದೇ ತಾಂಬೂಲ. ಈಜುಡುಗೆಯಲ್ಲಿ, ತಲೆಗೆ ರಬ್ಬರು ಟೋಪಿ ಹಾಕಿಕೊಂಡು, ಬ್ಯಾಚಿನ ಅಷ್ಟೂ ಹೆಂಗಸರ ಎದುರಿಗೆ ಜಯಾ ಆ ತಟ್ಟೆಯನ್ನು ಸವಿತಳ ಮುಂದೆ ಹಿಡಿದಳಂತೆ. ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡು "ಅಯ್ಯೋ ಮಿಸ್, ಬೇಡ ಮಿಸ್" ಎಂದು ಅಳುವುದಕ್ಕೇ ಶುರು ಮಾಡಿತಂತೆ.

"ಮಿಸ್ಸು ಸ್ಕೂಲಲ್ಲೇ ಮುಗೀತು ಕಣಮ್ಮ. ಇಲ್ಲಿ ನೀನು ಮೇಷ್ಟ್ರು, ನಾನು ಹೊಸದಾಗಿ ಸೇರಿರೋಳು. ತಗೋ. ನನ್ನ ಹೆಸರು ಹಿಡಿದು ಕರಿ. ಮಿಕ್ಕೋರಿಗೆ ಎಂಗೆ ಬೈತೀಯೋ ಅಂಗೇ ಬೈಬೇಕು" ಎಂದಳಂತೆ. ಅಚ್ಚುಕಟ್ಟಾದ ಕನ್ನಡದ ಜಯಾ ಮಿಸ್ "ಎಂಗೆ, ಅಂಗೇ" ಎಂದಳೆಂದರೆ ಅವಳೂ ಆಗ ಎಷ್ಟು ನಡುಗುತ್ತಿದ್ದಳೋ. ಸವಿತ ಕಣ್ಣೊರೆಸಿಕೊಂಡು ತಟ್ಟೆ ತೆಗೆದುಕೊಂಡಳು, ಮಲ್ಲಿಗೆಯನ್ನು ಅಲ್ಲೇ ಮುಡಿದಳು.

ಹೊರಗೆ ಕಟ್ಟೆಯ ಮೇಲಿದ್ದ ನಮಗೆ ಇದೊಂದೂ ಗೊತ್ತಿಲ್ಲ. ಎಂದಿನಂತೆ ನೀರಿನ ಸದ್ದು, ಮಾತು, ಸೀಟಿ. ಇದ್ದಕ್ಕಿದ್ದಂತೆ ಎಲ್ಲ ನಿಂತುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಗೋಡೆ ದಾಟಿ ಒಂದು ಕೂಗು ಬಂತು:

"ಜಯಲಕ್ಷ್ಮೀ! ಕೈ ಬಿಡಿ!"

ಟವೆಲ್ಲು ಬಿದ್ದದ್ದೂ ತಿಳಿಯದೆ ನಾನು ಎದ್ದು ನಿಂತೆ. ಈ ಊರಿನಲ್ಲಿ ಅವಳನ್ನು ಬರೀ ಹೆಸರಿನಿಂದ ಹಾಗೆ ಕೂಗುವವರು ಯಾರಿದ್ದಾರೆ? ನಾನೇ ಕೂಗಿದವನಲ್ಲ. ಮಹದೇವಪ್ಪನವರು ನನ್ನ ತೋಳು ಹಿಡಿದುಕೊಂಡರು. ಒಳಗೆ ಒಂದೇ ಒಂದು ಜೋಡಿ ಕಾಲು ನೀರು ಬಡಿಯುವ ಸದ್ದು. ಅದೂ ನಿಂತಿತು. ಮತ್ತೆ ಸವಿತಳ ಗದರಿಕೆ, ಏನೆಂದು ತಿಳಿಯಲಿಲ್ಲ. ಮತ್ತೆ ಕಾಲಿನ ಸದ್ದು ಶುರುವಾಗಿ, ದೂರ ದೂರ ಹೋಗಿ, ಕೊನೆಗೆ ಕಾಂಪೌಂಡೇ ಹಾರಿಹೋಗುವಂತೆ ಚಪ್ಪಾಳೆ.

"ಬುಟ್ರು ಸಾರ್!" ಎಂದರು ಮಹದೇವಪ್ಪನವರು. ಅವರ ಕಣ್ಣಲ್ಲೂ ನೀರಿತ್ತು.

ಜಯಾ ಹೊರಗೆ ಬಂದಾಗ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಕಣ್ಣು ಕೆಂಪಾಗಿತ್ತು. ಆಳದ ಆ ತುದಿ ಮುಟ್ಟಿದ ವಿಷಯವನ್ನು ಹೇಳುತ್ತಾಳೆಂದು ಕಾದೆ.

"ರೀ, ಸವಿತ ನನ್ನ ಬೈದ್ಲು!"

"ಏನಂತ?"

"ಮಧ್ಯದಲ್ಲಿ ಹೆದರಿಕೊಂಡು ಕಾಲು ನಿಲ್ಲಿಸಿಬಿಟ್ಟೆ. ‘ಅಲ್ಲೇನು ನಿದ್ದೆ ಮಾಡ್ತಿದೀರಾ, ಬಡೀರಿ ಕಾಲು!’ ಅಂತ ಎಲ್ಲರ ಎದುರಿಗೇ ಕಿರುಚಿದ್ಲು ಕಣ್ರೀ!"

ಬಹುಮಾನ ಬಂದ ಹುಡುಗಿಯ ಮುಖ ಅದು. ನಿವೃತ್ತಿಯ ದಿನ ಅವಳಿಗೆ ಹಾಕಿದ ಹಾರಗಳಲ್ಲಿ ಯಾವುದೂ ಆ ಮುಖವನ್ನು ಅಷ್ಟು ಅರಳಿಸಿರಲಿಲ್ಲ. ನನ್ನ ಬೀಳ್ಕೊಡುಗೆಯಲ್ಲೂ ಎಲ್ಲರೂ ಹೊಗಳಿದ್ದರು. ನನ್ನಲ್ಲಿ ತಿದ್ದಬೇಕಾದ್ದು ಏನೂ ಉಳಿದಿಲ್ಲ ಎಂಬಂತೆ ಮಾತಾಡಿ, ಶಾಲು ಹೊದಿಸಿ ಮನೆಗೆ ಬಿಟ್ಟು ಹೋಗಿದ್ದರು. ಅಂದಿನಿಂದ ಯಾರೂ ನನ್ನನ್ನು ಏನಕ್ಕೂ ಗದರಿಸಿಲ್ಲ. ನಾನು ಏನೂ ಕಲಿತೂ ಇಲ್ಲ.

ಅಂದು ಸಂಜೆ ಇಬ್ಬರೂ ವಾಕಿಂಗ್ ಹೊರಟೆವು. ದಾರಿಯಲ್ಲಿ ಸಿಕ್ಕವರೆಲ್ಲ "ನಮಸ್ಕಾರ ಸಾಹೇಬ್ರೆ" ಎಂದರು. ನಾನೂ ಗಂಭೀರವಾಗಿ ಕೈ ಮುಗಿದೆ. ತಿರುವಿನಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಮೆಲ್ಲಗೆ ಕೇಳಿದೆ: "ಜಯಾ, ಗಂಡಸರ ಬ್ಯಾಚಲ್ಲಿ ಚೆನ್ನಾಗಿ ಬೈಯ್ಯೋ ಮೇಷ್ಟ್ರು ಯಾರಾದ್ರೂ ಇದಾರಾ, ಸವಿತನ್ನ ವಿಚಾರಿಸ್ತೀಯಾ?"