ಹವಳಕ್ಕೆ ಉಡಿ ತುಂಬಿದ್ದು

ಸಿಂಧನೂರಿನಲ್ಲಿ ನೀರು ಎಂದರೆ ಕಾಲುವೆ ನೀರು. ಬಿಟ್ಟರೆ ಭತ್ತ, ಬಂದ್ ಮಾಡಿದರೆ ಬೈಗುಳ. ಇಂಥ ಊರಿನಲ್ಲಿ, ನಮ್ಮ ಪಡಸಾಲೆಯ ಗೋಡೆಗೆ ಹತ್ತಿಸಿಟ್ಟ ಉದ್ದನೆಯ ಗಾಜಿನ ತೊಟ್ಟಿಯೊಳಗೆ ನಾನು ಸಮುದ್ರ ಇಟ್ಟುಕೊಂಡಿದ್ದೇನೆ. ಫಿಲ್ಟರ್ ನೀರಿಗೆ ಸಮುದ್ರದ ಉಪ್ಪು ಕಲಸಿ ಕೈಯಾರೆ ಮಾಡಿದ ಸಮುದ್ರ. ಮೊದಲು ಸುದ್ದಿ ಹಬ್ಬಿದಾಗ, 'ಲಿಂಗ ಕಟಗೊಂಡವರ ಮನ್ಯಾಗ ಮೀನ ತಂದಾರಂತ' ಎಂದು ಓಣಿಯೆಲ್ಲ ಗುಸುಗುಸು. ನಾನು ಸುಮ್ಮನಿರುವವಳೇ? ಬಾಗಿಲಲ್ಲಿ ನಿಂತು, "ಬರ್ರಿ, ಒಳಗ ಬಂದು ನೋಡ್ರಿ! ಒಗ್ಗರಣಿ ವಾಸನಿ ಬರಾಕತ್ತೈತೇನು ಮೂಸಿ ನೋಡ್ರಿ!" ಎಂದು ಕೂಗಿದೆ. ಬಂದರು, ನೋಡಿದರು, ಆಮೇಲೆ ಸಂಜೆಯಾದರೆ ಬೀಗರನ್ನೂ ಕರೆದುಕೊಂಡು ಬರತೊಡಗಿದರು.

ಮೀನುಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಈ ಸಂಸಾರದ ಯಜಮಾನಿ ಕಲ್ಲುಹವಳ. ಉಂಗುರದಲ್ಲಿ ಕೂಡಿಸುವ ಕೆಂಪು ಹವಳವಲ್ಲ, ಜೀವವಿರುವುದು. ಹಸಿರು ಟೊಂಗೆ, ತುದಿಗೆ ನೇರಳೆ ಬಣ್ಣ. ಮೈತುಂಬ ಸಾಸಿವೆಯಷ್ಟು ಚಿಕ್ಕ ಬಾಯಿಗಳು, ಒಂದೊಂದು ಬಾಯಿಯ ಸುತ್ತ ಎಳೆ ಬೆರಳುಗಳು. ಖುಷಿಯಿದ್ದರೆ ಆ ಬೆರಳುಗಳನ್ನು ಹೊರಗೆ ಚಾಚಿ ನೀರಿನಲ್ಲಿ ಆಡಿಸುತ್ತದೆ. ಮುನಿಸಾದರೆ ಒಳಗೆಳೆದುಕೊಂಡು ಬರೀ ಕಲ್ಲಾಗಿ ಕೂಡುತ್ತದೆ. ನೀರು ತುಸು ಬಿಸಿಯಾದರೂ ಮುನಿಸು, ಉಪ್ಪು ಹೆಚ್ಚಾದರೂ ಮುನಿಸು, ಮೋಟರ್ ನಿಂತರೂ ಮುನಿಸು. "ಮೂಗಿನ ತುದಿಗೇ ಸಿಟ್ಟು, ಥೇಟ್ ನಿನ್ನಂಗ" ಎನ್ನುತ್ತಾರೆ ನಮ್ಮ ಮನೆಯವರು. ಅವರದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ. ತೊಟ್ಟಿಯ ಮೋಟರನ್ನು ಮೊದಲ ಸಲ ನೋಡಿ ತಲೆ ಕೆರೆದುಕೊಂಡು, "ನೀರು ಎತ್ತೋ ಮೋಟರ್ ನೋಡೀನಿ. ಇದ್ದ ನೀರನ್ನ ಇದ್ದಲ್ಲೇ ತಿರಗಸಾಕ ಕರೆಂಟ್ ಸುಡೋದು ಇದೇ ಮೊದಲು" ಎಂದಿದ್ದರು. ಅವರೇ ಈಗ ಅದಕ್ಕೆಂದೇ ಬೇರೆ ಇನ್ವರ್ಟರ್ ಕೂಡಿಸಿದ್ದಾರೆ.

ನನಗೆ ಈ ಹುಚ್ಚು ಹತ್ತಿಸಿದವನು ನನ್ನ ಅಣ್ಣ. ಲಿಂಗಸುಗೂರಿನಲ್ಲಿ ಅವನದು ಫೋಟೋ ಸ್ಟುಡಿಯೋ. ನಮ್ಮ ಕಡಲಿನ ಹವಳ ಮುಟ್ಟಿದರೆ ಕಾನೂನು ಬಿಡುವುದಿಲ್ಲ. ಅವನು ಹೊರದೇಶದಲ್ಲಿ ಸಾಕಿ ಬೆಳೆಸಿದ, ಕಾಗದಪತ್ರ ಇರುವ ಹವಳ ತರಿಸಿ ವರ್ಷಗಟ್ಟಲೆ ಬೆಳೆಸಿದ್ದ. ಮಾತು ಎಂದರೆ ಅವನ ಮಾತು! ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರನ್ನೂ ಒಳಗೆ ಕರೆದೊಯ್ದು, ತೊಟ್ಟಿಯ ಮುಂದೆ ಕೂಡಿಸಿ, ಚಹಾ ಕುಡಿಸಿ, ಹವಳದ ಪುರಾಣ ಹೇಳಿಯೇ ಕಳಿಸುವನು. ನನ್ನ ತೊಟ್ಟಿ ಹದಕ್ಕೆ ಬಂದಾಗ ತನ್ನ ಹವಳದಿಂದ ಕಿರುಬೆರಳಷ್ಟು ಟೊಂಗೆ ಕತ್ತರಿಸಿ ಕೊಟ್ಟು, "ಇದು ಹೆಪ್ಪು ಇದ್ದಂಗ ತಂಗಿ. ನಿಂದು ಕೆಟ್ರ ನನ್ನ ಕಡೆ ಬಾ, ನಂದು ಕೆಟ್ರ ನಿನ್ನ ಕಡೆ ಬರ್ತೀನಿ" ಎಂದಿದ್ದ.

ಕೆಟ್ಟದ್ದು ಅವನದೇ. ಒಂದು ಬೇಸಿಗೆ, ಗುರುಗುಂಟಾದಲ್ಲಿ ನಮ್ಮ ಸೋದರಮಾವನ ಮನೆಯ ಮದುವೆಗೆ ಎಲ್ಲರೂ ಹೋಗಿದ್ದೆವು. ಅಷ್ಟರಲ್ಲಿ ಅವನ ಮನೆಯಲ್ಲಿ ನೀರು ತಂಪು ಮಾಡುವ ಯಂತ್ರ ಸುಟ್ಟುಹೋಗಿದೆ. ರಾಯಚೂರು ಸೀಮೆಯ ಬಿಸಿಲು ಗೊತ್ತಲ್ಲ. ಬಂದು ನೋಡಿದರೆ ತೊಟ್ಟಿಯ ಹವಳವೆಲ್ಲ ಬೆಳ್ಳಗೆ, ಒಂದೂ ಉಳಿದಿರಲಿಲ್ಲ. ಅಣ್ಣ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನಾಗಿಬಿಟ್ಟ. ಸ್ಟುಡಿಯೋದಲ್ಲಿ ಕೂತವರಿಗೆ 'ಸ್ವಲ್ಪ ನಗರಿ' ಎನ್ನುವುದನ್ನೂ ಬಿಟ್ಟ. ಕೇಳಿದ್ದಕ್ಕೆ ಹೂಂ, ಊಹೂಂ. ನಾನು ಪ್ರತಿ ಫೋನಿನಲ್ಲೂ, "ನಿನ್ನ ಹವಳ ನನ್ನ ಹತ್ರ ಮುಷ್ಟಿಯಷ್ಟಾಗೈತಿ, ಬಂದು ಒಯ್ಯಿ" ಎಂದು ಜಗ್ಗಾಡುತ್ತಿದ್ದೆ. ಅವನು, "ಬ್ಯಾಡ ಬಿಡ ಬೇ, ನನ್ನ ಕೈಗುಣ ಚಲೋ ಇಲ್ಲ" ಎನ್ನುವನು.

ಒಂದು ವರ್ಷದ ಮೇಲೆ ಅತ್ತಿಗೆ ಹೇಗೋ ಒಪ್ಪಿಸಿದಳು. ಹೊಸ ಯಂತ್ರ ಬಂತು, ತೊಟ್ಟಿಗೆ ನೀರು ತುಂಬಿ, ಕಲ್ಲು ಜೋಡಿಸಿ, ತಿಂಗಳುಗಟ್ಟಲೆ ಹದ ಮಾಡಿದರು. ಬರುವ ಭಾನುವಾರ ಟೊಂಗೆ ಒಯ್ಯಲು ಬರುತ್ತೇನೆಂದು ಅಣ್ಣ ಬಾಯಿಬಿಟ್ಟು ಹೇಳಿದ. ನಾನು ಫೋನ್ ಇಟ್ಟು ಪಡಸಾಲೆಯಲ್ಲಿ ಕುಣಿದೆ. ಸುಳ್ಳಲ್ಲ, ಈ ವಯಸ್ಸಿನಲ್ಲಿ ಕುಣಿದೆ.

ನಮ್ಮ ಅತ್ತೆಯ ವಿಷಯ ಹೇಳಬೇಕು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಮೊದಮೊದಲು ತೊಟ್ಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಲ್ಲುಹವಳ ಕಲ್ಲು ಕಟ್ಟಬೇಕಾದರೆ ಸುಣ್ಣ ಬೇಕು. ಚೊಕ್ಕ ಸುಣ್ಣವನ್ನು ನೀರಿನಲ್ಲಿ ಕದಡಿ, ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಸಲೈನ್ ಹಾಕುವ ನಳಿಕೆಯಿಂದ ಹನಿಹನಿಯಾಗಿ ತೊಟ್ಟಿಗೆ ಬಿಡುತ್ತೇನೆ. ಒಮ್ಮೆ ಅತ್ತೆ ಅದನ್ನು ಕಂಡರು.

"ಏನ ಬೇ ಅದು?"

"ಸುಣ್ಣದ ತಿಳಿರೀ ಅತ್ತಿ. ಹವಳದ ಊಟ."

"ಯವ್ವಾ! ಇದೂ ನನ್ನಂಗ ಸುಣ್ಣ ತಿಂತೈತೇನು!"

ಅಂದಿನಿಂದ ಅತ್ತೆಗೂ ಹವಳಕ್ಕೂ ಗೆಳೆತನ. ಎಲೆಗೆ ಸುಣ್ಣ ಹಚ್ಚುವಾಗ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂಡುವರು, ಮನೆಯ ಸುದ್ದಿಯೆಲ್ಲ ಅದಕ್ಕೆ ಹೇಳುವರು. ನನ್ನ ಮೇಲಿನ ಚಾಡಿಯೂ ಅದರಲ್ಲಿ ಇರುತ್ತಿತ್ತು. ಇರಲಿ ಬಿಡಿ, ಹವಳಕ್ಕೆ ಕಿವಿಯಿಲ್ಲ.

ಆ ಭಾನುವಾರ ಬೆಳಿಗ್ಗೆ ಅಣ್ಣನಿಗೆಂದು ಎಳೆ ಬದನೆಕಾಯಿ ತರಲು ನಾನು ಬಜಾರಿಗೆ ಹೋದೆ. ಎಣಗಾಯಿ, ಬಿಸಿ ರೊಟ್ಟಿ, ಕೆನೆಮೊಸರು ಎಂದು ಲೆಕ್ಕ ಹಾಕುತ್ತ ಮನೆಗೆ ಬಂದು ನೋಡುತ್ತೇನೆ, ತೊಟ್ಟಿಯೆಲ್ಲ ಮಜ್ಜಿಗೆ! ಹಿಂದಿನ ಗೋಡೆ ಕಾಣಿಸುತ್ತಿಲ್ಲ, ಮೀನು ಕಾಣಿಸುತ್ತಿಲ್ಲ. ಮುಂದೆ ಕುರ್ಚಿಯಲ್ಲಿ ಅತ್ತೆ, ಮಡಿ ಸೀರೆ ಉಟ್ಟು ನಿರುಮ್ಮಳವಾಗಿ ಕೂತಿದ್ದಾರೆ.

"ಅತ್ತೀ! ಏನ ಹಾಕೀರಿ ಇದರಾಗ?"

"ಉಡಿ ತುಂಬೀನಿ."

"ಏನು?"

"ಅಲ್ಲ ಬೇ, ಇವತ್ತ ಇದು ನಿಮ್ಮ ಅಣ್ಣನ ಮನಿಗೆ ಹೊಂಟೈತಿ. ಹೆಣಮಗಳನ್ನ ಬರೀ ಉಡಿಲೆ ಹ್ಯಾಂಗ ಕಳಸೂದು? ಅಕ್ಕಿ ಕೊಬ್ರಿ ಅದಕ್ಕ ನಡಿಯಂಗಿಲ್ಲ. ಸುಣ್ಣ ತಿಂತೈತಲ್ಲ, ಅದನ್ನ ತುಂಬೀನಿ."

ಮನೆಯಿಂದ ಹೊರಟ ಹೆಣ್ಣುಮಗಳಿಗೆ ಸೆರಗೊಡ್ಡಿಸಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕದೆ ನಮ್ಮಲ್ಲಿ ಯಾರೂ ಕಳಿಸುವುದಿಲ್ಲ. ಅತ್ತೆ ಹವಳಕ್ಕೂ ಅದೇ ಮರ್ಯಾದೆ ಮಾಡಿದ್ದರು. ಡಬ್ಬಿಯ ಸುಣ್ಣವನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಟೊಂಗೆಯ ಬುಡಕ್ಕೆ ನೋಡಿ ಬಿಟ್ಟಿದ್ದರು. ಹನಿಹನಿ ಕೊಟ್ಟರೆ ಊಟ, ಹಿಡಿ ಹಾಕಿದರೆ ವಿಷ. ಆ ಖಾರಕ್ಕೆ ಹವಳದ ಮೈಯೇ ಸುಲಿದುಹೋಗುತ್ತದೆ. "ಕೊಂದಬಿಟ್ಟಿರಲ್ರೀ! ನನ್ನ ಅಣ್ಣನ್ನ ಕೊಂದಬಿಟ್ಟಿರಿ!" ಎಂದು ನಾನು ಚೀರಿದ್ದು ಬಸ್‌ಸ್ಟ್ಯಾಂಡಿನತನಕ ಕೇಳಿಸಿರಬೇಕು. ಅತ್ತೆಯ ಮುಖ ಬಾಡಿತು. ನನಗೆ ಕಣ್ಣಿಗೆ ಕಟ್ಟಿದ್ದು ಒಂದೇ: ಇಂದು, ಅಣ್ಣ ಬರುವ ದಿನವೇ, ಅವನ ಹವಳದ ಈ ಕೊನೆಯ ತುಂಡೂ ಸತ್ತರೆ, ಅವನು ತನ್ನ ಕೈಗುಣ, ಕಾಲ್ಗುಣ ಎಂದುಕೊಂಡು ಜನ್ಮದಲ್ಲಿ ಮತ್ತೆ ತೊಟ್ಟಿ ಮುಟ್ಟುವುದಿಲ್ಲ.

ಅವನಿಗೇ ಫೋನ್ ಮಾಡಿದೆ. ಇನ್ಯಾರಿಗೆ ಮಾಡಲಿ? ಹೇಳಿದೆ. ಆ ಕಡೆ ಬಸ್ಸಿನ ಹಾರ್ನ್ ಕೇಳಿಸಿತು. ಆಮೇಲೆ ಅಣ್ಣನ ದನಿ ಒಮ್ಮೆಲೇ ಎದ್ದಿತು.

"ಅಳಬ್ಯಾಡ. ಸೋಡಾ ತಗೊಂಡು ಬಾ. ಗೋಲಿ ಸೋಡಾ. ನಿಂಬಿ, ಉಪ್ಪು, ಸಕ್ಕರಿ ಏನೂ ಇರಬಾರದು, ಬರೇ ಸೋಡಾ. ಸೋಡಾದ ಗ್ಯಾಸು ಸುಣ್ಣದ ಖಾರ ಮುರೀತೈತಿ. ಫಿಲ್ಟರ್ ಇರೋ ಕೆಳಗಿನ ಸಣ್ಣ ತೊಟ್ಟಿಗೆ ಸ್ವಲ್ಪ ಸ್ವಲ್ಪನ ಹಾಕು, ಒಮ್ಮೆ ಸುರೀಬ್ಯಾಡ. ತಳದಾಗಿನ ಸುಣ್ಣ ಪೈಪ್ ಹಚ್ಚಿ ಎಳೀರಿ. ನಾ ಬರಾಕತ್ತೀನಿ."

"ಎಲ್ಲದಿ?"

"ಮಸ್ಕಿ ಬಸ್‌ಸ್ಟ್ಯಾಂಡ್‌ನ್ಯಾಗ. ಫೋನ್ ಇಡು, ಓಡು!"

ಓಡಿದೆ. ಮೂಲೆಯ ಸೋಡಾ ಗಾಡಿಯವನು, "ಯಾಕಕ್ಕ, ಯಾರಿಗೆ ಹೊಟ್ಟಿ ಕೆಟ್ಟೈತಿ?" ಎಂದ.

"ನಮ್ಮ ಹವಳಕ್ಕ. ಟ್ರೇ ಸಮೇತ ಕೊಡು!"

ಅವನು ಹೆಚ್ಚು ಕೇಳದೆ ಗಾಡಿಯನ್ನೇ ನಮ್ಮ ಬಾಗಿಲಿಗೆ ತಳ್ಳಿಕೊಂಡು ಬಂದ. ಅಷ್ಟರಲ್ಲಿ ನಮ್ಮ ಮನೆಯವರೂ ಅಂಗಡಿಯಿಂದ ಬಂದು, ಪ್ಯಾಂಟು ಮಡಚಿ, ಪೈಪಿನಿಂದ ತಳದ ಸುಣ್ಣ ಎಳೆಯತೊಡಗಿದರು. ಗೋಲಿ ಒತ್ತುವ ಕೆಲಸ ಅತ್ತೆ ತಾವೇ ತೆಗೆದುಕೊಂಡರು. ನಾನು ಬೈದದ್ದಕ್ಕೆ ತುಟಿ ಬಿಗಿದಿದ್ದರು, ಆದರೆ ಹೆಬ್ಬೆರಳು ಮಾತ್ರ ನಿಲ್ಲಲಿಲ್ಲ. ಕೀಂಯ್ ಕೀಂಯ್ ಎಂದು ಒಂದರ ಹಿಂದೊಂದು ಸೋಡಾ ತೆರೆಯುವುದು, ನಾನು ಸುರಿಯುವುದು. ಕಿಟಕಿಯಲ್ಲಿ ಓಣಿಯ ಅರ್ಧ ಜನ. "ಮೀನಕ್ಕ ಸೋಡಾ ಕುಡಸಾಕತ್ತಾರ ನೋಡ್ರೇ" ಎಂದು ಯಾರೋ ಅಂದರು. ಆ ಗದ್ದಲದಲ್ಲೂ ನನಗೆ ನಗು ಬಂತು.

ಅಣ್ಣ ಬಂದವನೇ ಚಪ್ಪಲಿ ಬಿಡುವುದನ್ನೂ ಮರೆತು ತೊಟ್ಟಿಗೆ ಕೈ ಹಾಕಿದ. ಅಂಗಿಯ ತೋಳು ಮೊಳಕೈವರೆಗೆ ತೊಯ್ದಿತು. "ಏ, ಪೈಪ್ ಹಂಗ ಹಿಡೀತಾರೇನು? ತಂಗಿ, ಹೊಸ ನೀರು ಕಲಸು. ಆ ಫಿಲ್ಟರ್ ಬಟ್ಟಿ ತೆಗಿ. ಯಾರಲೇ ಅದು ಲೈಟ್ ಹಚ್ಚಿದವರು, ಆರಸರಿ!" ಎಂದು ಎಲ್ಲರನ್ನೂ ಬೈದಾಡಿದ. ಅವನು ಬೈಯುವುದನ್ನು ಕೇಳಿ ವರ್ಷದ ಮೇಲಾಗಿತ್ತು. ಬೈಯಲಿ, ಇನ್ನೂ ಬೈಯಲಿ ಎನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ನೀರು ತಿಳಿಯಾಯಿತು. ಮೀನುಗಳು ಗಟ್ಟಿ, ಉಳಿದುಕೊಂಡವು. ಹವಳ ಮಾತ್ರ ಬೆರಳೆಲ್ಲ ಒಳಗೆಳೆದುಕೊಂಡು, ಮೈಮೇಲೆ ಲೋಳೆ ಸುತ್ತಿಕೊಂಡು ಕಲ್ಲಾಗಿ ಕೂತಿತ್ತು. ಬದುಕಿದೆಯೋ ಇಲ್ಲವೋ ಹೇಳುವಂತಿಲ್ಲ, ಕಾಯಬೇಕು ಎಂದ ಅಣ್ಣ. ಎಣಗಾಯಿ ಆರಿಹೋಯಿತು. ಅತ್ತೆ ನೀರೂ ಮುಟ್ಟದೆ ಶಿವಾ ಶಿವಾ ಎನ್ನುತ್ತ ತೊಟ್ಟಿಯ ಗಾಜಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಪುಣ್ಯಕ್ಕೆ ಹೊರಗಿನಿಂದ.

ದೀಪ ಹಚ್ಚುವ ಹೊತ್ತಿಗೆ ಅತ್ತೆಯೇ ಮೊದಲು ಕಂಡದ್ದು. "ತಮ್ಮಾ, ಬಾ ಇಲ್ಲೆ. ಬೆರಳ ತೆಗಿಯಾಕತ್ತೈತಿ ನೋಡು." ನಾವು ಮೂವರೂ ಗಾಜಿಗೆ ಮೂಗು ಹಚ್ಚಿದೆವು. ಟೊಂಗೆಯ ನಡುವೆ ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಎಳೆ ಬೆರಳುಗಳು ಮೆಲ್ಲಗೆ ಹೊರಬಂದು ನೀರಿನಲ್ಲಿ ಆಡಿದವು. ನಾನು ಅತ್ತೆಯನ್ನು ಗಟ್ಟಿಯಾಗಿ ಅಪ್ಪಿಕೊಂಡೆ. "ಬಿಡ ಬೇ, ಮುಂಜಾನಿಂದ ಉಪವಾಸ ಅದೀನಿ, ಮುರಿದಗಿರಿದಿ" ಎಂದರು ಅವರು. ಆ ರಾತ್ರಿ ತಣ್ಣನೆಯ ಎಣಗಾಯಿಯಷ್ಟು ರುಚಿಯಾದದ್ದನ್ನು ನಾನು ಉಂಡಿಲ್ಲ.

ಬೆಳಗಾಗುವಷ್ಟರಲ್ಲಿ ಹವಳ ಮೈತುಂಬ ಅರಳಿತ್ತು. ಅಣ್ಣ ಕಟರ್ ಹಿಡಿದು, ಉಸಿರು ಬಿಗಿಹಿಡಿದು, ಬೆರಳುದ್ದದ ಟೊಂಗೆ ಕತ್ತರಿಸಿದ. "ಎಲ್ಲಿ ನಿನ್ನ ಡಬ್ಬಿ, ತಾ" ಎಂದೆ. ಹವಳ ಒಯ್ಯಲೆಂದೇ ಅವನ ಹತ್ತಿರ ಥರ್ಮೋಕೋಲ್ ಡಬ್ಬಿಯಿದೆ, ಅದಿಲ್ಲದೆ ಅವನು ಒಂದು ಗೇಣೂ ಹವಳ ಸಾಗಿಸುವವನಲ್ಲ.

ಅಣ್ಣ ಕೈ ಒರೆಸಿಕೊಂಡ. "ತಂದಿಲ್ಲ."

"ಹವಳ ಒಯ್ಯಾಕ ಬಂದವ ಬರಿಗೈಲೆ ಬಂದೀಯೇನು?"

"ಒಯ್ಯಾಕ ಬಂದಿದ್ದಿಲ್ಲ ತಂಗಿ. ಬ್ಯಾಡಂತ ನಿನ್ನ ಮುಂದ ಹೇಳಿ ಹೋಗಾಕ ಹೊಂಟಿದ್ದೆ. ಮಸ್ಕಿಗೆ ಬರೂದರಾಗ ಅದಕ್ಕೂ ಧೈರ್ಯ ಸಾಲಲಿಲ್ಲ. ಇಳಿದು ಲಿಂಗಸುಗೂರ ಬಸ್ಸಿಗೆ ನಿಂತಿದ್ದೆ. ಬಸ್ಸು ಬಂತು, ಒಂದು ಕಾಲು ಮ್ಯಾಲೆ ಇಟ್ಟಿದ್ದೆ. ಆಗ ನಿನ್ನ ಫೋನ್ ಬಂತು."

ಬಾಯಿ ಜೋರಿನವಳು ಎಂದು ಎರಡು ತಾಲೂಕಿನಲ್ಲಿ ಹೆಸರಾದ ನನಗೆ ಕಣ್ಣು ತುಂಬಿ ಬಂತು. ಅತ್ತೆ ಒಳಗೆ ಹೋಗಿ, ಹೊಲಕ್ಕೆ ತಂಪು ನೀರು ಒಯ್ಯುವ ಥರ್ಮಸ್ ಜಗ್ಗು ತೊಳೆದು ತಂದು ಅವನ ಕೈಗಿಟ್ಟರು.

ಬಸ್‌ಸ್ಟ್ಯಾಂಡಿಗೆ ನಾನೇ ಕಳಿಸಲು ಹೋದೆ. ಕಿಟಕಿ ಪಕ್ಕ ಕೂತ ಅಣ್ಣ ಜಗ್ಗನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಿದ್ದ. ಪಕ್ಕದಲ್ಲಿ ಕೂತ ಮುದುಕ, "ಏನೈತಿ ತಮ್ಮಾ ಅದರಾಗ, ಮಜ್ಜಿಗೇನು?" ಎಂದು ಕೇಳಿದ್ದು ನನಗೆ ಹೊರಗಿನವರೆಗೂ ಕೇಳಿಸಿತು. ಅಣ್ಣ ಮುಚ್ಚಳ ತೆಗೆದು ತೋರಿಸಿದ. "ಅಲ್ರೀ ಅಜ್ಜಾರ, ಇದು ಜೀವಂತ ಹವಳ. ಇಲ್ಲೆ ನೋಡ್ರಿ, ಇವೆಲ್ಲ ಬಾಯಿ" ಎಂದು ಶುರು ಮಾಡಿದ. ಬಸ್ಸು ಹೊರಟಿತು. ನಾನು ಕೈ ಬೀಸುತ್ತ ನಾಲ್ಕು ಹೆಜ್ಜೆ ಅದರ ಜೊತೆಗೇ ನಡೆದೆ. ಅವನು ಮಾತಿನ ಭರದಲ್ಲಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.