ಒದರುವ ಮಾಮಾ, ಪಿಸುಗುಡುವ ಸೊಸೆ

ಇಚಲಕರಂಜಿಯ ಕರೆಂಟಿನ ಮಗ್ಗದ ಶೆಡ್ಡಿನಲ್ಲಿ ದುಡಿಯುವ ನನಗೆ ಮೆಲ್ಲಗೆ ಮಾತನಾಡಲು ಬರುವುದಿಲ್ಲ. ಆ ಸದ್ದಿನಲ್ಲಿ ನಾವು ಒದರುತ್ತೇವೆ. ಅದೂ ಕೇಳದಿದ್ದರೆ ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತೇವೆ.

ನನ್ನ ತಂಗಿಯ ಮಗಳಿಗೆ ಕೊಲ್ಲಾಪುರದಲ್ಲಿ ಥೈರಾಯ್ಡ್ ಕ್ಯಾನ್ಸರಿನ ಆಪರೇಶನ್ ಆಯಿತು. ಗಡ್ಡೆಯ ಜೊತೆ ದನಿಯೂ ಹೋಯಿತು. ಮರಳಿ ಬರುತ್ತದೋ ಇಲ್ಲವೋ, ಕಾದು ನೋಡಬೇಕೆಂದರು ಡಾಕ್ಟರು. ಆರೈಕೆಗೆಂದು ನಮ್ಮ ಮನೆಯಲ್ಲೇ ಉಳಿದ ಅವಳು ಪಿಸುಗುಟ್ಟಿದಷ್ಟೂ ನಾನು ಒದರುತ್ತಿದ್ದೆ: "ಚಾ ಕುಡೀತಿ ಏನವಾ?" ಓಣಿಯವರೆಲ್ಲ ತಮ್ಮನ್ನೇ ಕರೆದನೆಂದು ಹೊರಗೆ ಬರುವಷ್ಟು ಜೋರು. ಅವಳು ಕುತ್ತಿಗೆಯ ಪಟ್ಟಿ ಮುಟ್ಟಿ, ಆಮೇಲೆ ಕಿವಿ ತೋರಿಸಿ ಪಿಸುಗುಡುತ್ತಿದ್ದಳು: "ದನಿ ಹೋಗೇತ್ರಿ ಮಾಮಾ, ಕಿವಿ ಹೋಗಿಲ್ಲ."

"ಹೌದವಾ!" ಎಂದು ನಾನು ಇನ್ನೂ ಜೋರಾಗಿ ಒದರುತ್ತಿದ್ದೆ.

ಗಾಯ ಮಾಗಿದ ಮೇಲೆ ಒಂದು ಮಧ್ಯಾಹ್ನ ನನ್ನ ಬುತ್ತಿ ಹಿಡಿದು ಶೆಡ್ಡಿಗೆ ಬಂದಳು. ಮಗ್ಗಗಳ ಗದ್ದಲದಲ್ಲಿ "ಗಂಟಲಾ ಹೆಂಗೈತಿ?" ಎಂದು ಒದರಿದೆ. ಅವಳ ಕೈ ಕುತ್ತಿಗೆಗೆ ಹೋಯಿತು, ತುಟಿಗಳು ಆಡಿದವು. ನನಗೆ ಬಾಯಿಪಾಠವಾಗಿದ್ದ ಅದೇ ಮಾತು. ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವು.

"...ಕಿವಿ ಹೋಗಿಲ್ಲ!"

ಅವಳ ಒಡಕು ದನಿ ಇಡೀ ಶೆಡ್ಡಿಗೆ ಕೇಳಿಸಿತು. ಗಾಬರಿಯಿಂದ ಬಾಯಿಗೆ ಕೈ ಹಚ್ಚಿಕೊಂಡಳು. ನನಗೂ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಕಿವಿಗೆ ಕೈ ಇಟ್ಟು ಮೆಲ್ಲಗೆ ಕೇಳಿದೆ: "ಏನಂದಿ? ಇನ್ನೊಮ್ಮೆ ಹೇಳವಾ."